ಹೊಲಿಗೆಯ ಅಳತೆ ಯಾರದು?

"ಮಷೀನಿನ ಕೆಲಸ ಅಲ್ದಾ?"

ಭಟ್ಕಳ, ಹೊನ್ನಾವರ, ಕುಮಟಾದ ಬಟ್ಟೆ ಅಂಗಡಿಗಳಲ್ಲೂ ಮನೆಯ ಜಗುಲಿಗಳಲ್ಲೂ ಹೊಲಿಗೆಯ ಕೂಲಿ ಎಣಿಸುವಾಗ ಕೇಳಿಬರುವ ಪ್ರಶ್ನೆ ಇದು. ಪ್ರಶ್ನೆಯಂತೆ ಕಂಡರೂ ಇದು ತೀರ್ಪು. ದುಪಟ್ಟಾದ ಅಂಚಿಗೆ ಬಳ್ಳಿ, ಬುರ್ಖಾದ ತೋಳಿಗೆ ಹೂ, ಮದುವಣಗಿತ್ತಿಯ ಕುಪ್ಪಸಕ್ಕೆ ಎಲೆ ಹೊಲಿದು ತಂದ ಹೆಂಗಸು ತನ್ನ ದರ ಹೇಳುತ್ತಾಳೆ. ಎದುರಿನವರು ಬಟ್ಟೆಯನ್ನು ಬೆಳಕಿಗೆ ಹಿಡಿಯುತ್ತಾರೆ, ಮೆಚ್ಚುತ್ತಾರೆ, ಆಮೇಲೆ ಈ ಮೂರು ಪದ ಹೇಳುತ್ತಾರೆ. ಅಲ್ಲಿಗೆ ದರ ಇಳಿಯುತ್ತದೆ.

ಹಾಗೆ ಹೇಳುವವರು ಕೆಟ್ಟವರೆಂದಲ್ಲ. ಅವರ ಮನಸ್ಸಿನಲ್ಲಿ ಒಂದು ಲೆಕ್ಕವಿದೆ. ಕೈಯಿಂದ ಮಾಡಿದ್ದಕ್ಕೆ ಬೆಲೆ ಹೆಚ್ಚು, ಏಕೆಂದರೆ ಅಲ್ಲಿ ಮನುಷ್ಯನ ಪಾಲು ಪೂರ್ತಿ. ಯಂತ್ರದಿಂದ ಮಾಡಿದ್ದಕ್ಕೆ ಬೆಲೆ ಕಡಿಮೆ, ಏಕೆಂದರೆ ಅಲ್ಲಿ ದುಡಿದದ್ದು ಯಂತ್ರ, ಮನುಷ್ಯ ಸುಮ್ಮನೆ ಮುಂದೆ ಕೂತಿದ್ದಾನೆ. ಈ ಲೆಕ್ಕ ಸರಿಯೇ? ಒಂದು ಕೆಲಸದಲ್ಲಿ ಮನುಷ್ಯನ ಪಾಲನ್ನು ಯಾವುದರಿಂದ ಅಳೆಯಬೇಕು? ಬೆವರಿನಿಂದಲೋ, ಹಿಡಿದ ಸಮಯದಿಂದಲೋ, ಬಳಸಿದ ಸಲಕರಣೆಯಿಂದಲೋ, ಬೇರೆ ಯಾವುದರಿಂದಲೋ? ಕೂಲಿಯ ಹಿಂದೆ ಅಡಗಿರುವ ಈ ನೈತಿಕ ಪ್ರಶ್ನೆಯನ್ನು ಬಿಡಿಸಿ ನೋಡಲು, ಬಟ್ಟೆಯನ್ನು ಕೈಯಲ್ಲೇ ತಿರುಗಿಸುತ್ತ ಯಂತ್ರದಲ್ಲಿ ಹಾಕುವ ಕಸೂತಿಗಿಂತ ಒಳ್ಳೆಯ ಉದಾಹರಣೆ ನಮಗೆ ಕಾಣುವುದಿಲ್ಲ.

ಸಾಮಾನ್ಯ ಹೊಲಿಗೆಯಲ್ಲಿ ಏನಾಗುತ್ತದೆಂದು ಮೊದಲು ನೋಡೋಣ. ಸೂಜಿಯ ಕೆಳಗಿನ ಉಕ್ಕಿನ ತಗಡಿನಲ್ಲಿ ಸೀಳುಗಳಿರುತ್ತವೆ. ಅವುಗಳೊಳಗೆ ಸಣ್ಣ ಹಲ್ಲುಗಳ ಸಾಲು. ಮೇಲಿನಿಂದ ಪ್ರೆಶರ್ ಫುಟ್ ಬಟ್ಟೆಯನ್ನು ಒತ್ತಿ ಹಿಡಿಯುತ್ತದೆ. ಕೆಳಗಿನಿಂದ ಹಲ್ಲುಗಳು ಎದ್ದು ಬಟ್ಟೆಯನ್ನು ಕಚ್ಚಿ, ಗೊತ್ತುಪಡಿಸಿದಷ್ಟೇ ದೂರ ಹಿಂದಕ್ಕೆ ತಳ್ಳಿ, ಮತ್ತೆ ಇಳಿಯುತ್ತವೆ. ಒಂದು ಹೊಲಿಗೆ 2 ಮಿಲಿಮೀಟರ್ ಇರಬೇಕೋ 3 ಇರಬೇಕೋ ಎಂಬುದನ್ನು ತಿರುಪಿನಲ್ಲಿ ಒಮ್ಮೆ ಗೊತ್ತು ಮಾಡಿದರೆ ಮುಗಿಯಿತು. ಹೊಲಿಯುವವರು ಬಟ್ಟೆ ಸೊಟ್ಟಗಾಗದಂತೆ ನೋಡಿಕೊಂಡರೆ ಸಾಕು. ಅಳತೆಯ ಹೊಣೆ ಯಂತ್ರದ್ದು.

ಕಸೂತಿಗೆ ಕೂತವಳು ಮೊದಲು ಮಾಡುವ ಕೆಲಸ ಈ ಹಲ್ಲುಗಳನ್ನು ಇಳಿಸುವುದು. ಇಳಿಸಲು ಬಾರದ ಯಂತ್ರವಾದರೆ ಅವುಗಳ ಮೇಲೆ ತಗಡು ಮುಚ್ಚುತ್ತಾಳೆ. ಪ್ರೆಶರ್ ಫುಟ್ಟನ್ನೂ ಕಳಚಿಡುತ್ತಾಳೆ. ಬಟ್ಟೆಯನ್ನು ರಿಂಗಿಗೆ ಬಿಗಿಯುತ್ತಾಳೆ, ಅದೂ ಕೈಕಸೂತಿಯವರು ಬಿಗಿಯುವುದಕ್ಕೆ ತಲೆಕೆಳಗಾಗಿ, ಬಟ್ಟೆ ಕೆಳಗಿನ ತಗಡಿಗೆ ತಾಗುವಂತೆ. ಫುಟ್ ಇಲ್ಲದಿದ್ದರೂ ಅದರ ಹಿಡಿಯನ್ನು ಇಳಿಸಲೇಬೇಕು. ಮರೆತರೆ ಮೇಲಿನ ದಾರಕ್ಕೆ ಬಿಗಿ ಸಿಗದೆ ಬಟ್ಟೆಯ ಅಡಿಯಲ್ಲಿ ಸಿಕ್ಕುಗಳ ಗೂಡು ಕಟ್ಟುತ್ತದೆ. ಈಗ ಯಂತ್ರಕ್ಕೆ ಉಳಿದದ್ದು ಒಂದೇ ಕೆಲಸ, ಸೂಜಿಯನ್ನು ಮೇಲೆ ಕೆಳಗೆ ಆಡಿಸಿ ಮೇಲಿನ ದಾರವನ್ನು ಬಾಬಿನ್ನಿನ ದಾರಕ್ಕೆ ಸಿಕ್ಕಿಸುವುದು. ಬಟ್ಟೆ ಎತ್ತ ಹೋಗಬೇಕು, ಎಷ್ಟು ಹೋಗಬೇಕು, ಎಲ್ಲಿ ನಿಲ್ಲಬೇಕು ಎಂಬುದೆಲ್ಲ ಎರಡು ಕೈಗಳ ಪಾಲಿಗೆ ಬಂತು. ಕೈ ಬೇಗ ಸರಿದರೆ ಹೊಲಿಗೆ ಉದ್ದವಾಗಿ ಸಡಿಲವಾಗುತ್ತದೆ. ನಿಧಾನವಾದರೆ ಒಂದೇ ಕಡೆ ದಾರ ಗುಡ್ಡೆಯಾಗಿ ತುಂಡಾಗುತ್ತದೆ. ಸೂಜಿ ಬಟ್ಟೆಯೊಳಗಿರುವಾಗ ಎಳೆದರೆ ಸೂಜಿಯೇ ಮುರಿಯುತ್ತದೆ. ಮೋಟಾರು ಹಾಕಿದ ಮನೆಯ ಯಂತ್ರ ನಿಮಿಷಕ್ಕೆ 600 ಹೊಲಿಗೆ ಹಾಕುತ್ತದೆ ಎಂದಿಟ್ಟುಕೊಂಡರೆ ಸೆಕೆಂಡಿಗೆ 10 ಆಯಿತು. ಆ ಹತ್ತರಲ್ಲಿ ಪ್ರತಿಯೊಂದರ ಉದ್ದವನ್ನೂ ದಿಕ್ಕನ್ನೂ ನಿರ್ಧರಿಸುವುದು ಕೈ.

ಬಣ್ಣದ ಲೆಕ್ಕ ಬೇರೆ. ಚಿತ್ರಗಾರನಂತೆ ಎರಡು ಬಣ್ಣಗಳನ್ನು ಕಲಸಿ ಮೂರನೆಯದನ್ನು ಮಾಡಲು ದಾರದಲ್ಲಿ ಬರುವುದಿಲ್ಲ. ಹಸಿರಿನ ಪಕ್ಕದಲ್ಲಿ ಹಳದಿಯ ಎಳೆ, ಅದರ ಪಕ್ಕ ಮತ್ತೊಂದು ಹಸಿರು, ಹೀಗೆ ಒತ್ತೊತ್ತಾಗಿ ಹಾಕುತ್ತ ಹೋದರೆ ನೋಡುವವರ ಕಣ್ಣಿನಲ್ಲಿ ಅವು ಬೆರೆತು ಎಲೆಗೆ ಬಿಸಿಲು ಬಿದ್ದಂತೆ ಕಾಣುತ್ತದೆ. ಹೊಲಿಯುವಾಗ ಅದನ್ನು ಮನಸ್ಸಿನಲ್ಲಿ ಮೊದಲೇ ಕಂಡಿರಬೇಕು. ಒಂದು ಸಲ ಬಿದ್ದ ಹೊಲಿಗೆಯನ್ನು ಬಿಚ್ಚಿದರೆ ಬಟ್ಟೆಯಲ್ಲಿ ತೂತು ಉಳಿಯುತ್ತದೆ.

ಈ ವಿದ್ಯೆಯನ್ನು ಕಲೆಯ ಎತ್ತರಕ್ಕೆ ಒಯ್ದವರಿದ್ದಾರೆ. ಪಂಜಾಬಿನ ಪಟಿಯಾಲಾದ ಅರುಣ್ ಬಜಾಜ್ ದರ್ಜಿಯ ಮಗ. ಹೊಲಿಗೆ ಯಂತ್ರವನ್ನೇ ಕುಂಚ ಮಾಡಿಕೊಂಡು ಅವರು ಮಾಡಿದ ಭಾವಚಿತ್ರಗಳು ದೂರದಿಂದ ತೈಲಚಿತ್ರಗಳಂತೆ ಕಾಣುತ್ತವೆ. ಬ್ರಿಟನ್ನಿನ ಆಲಿಸ್ ಕೆಟಲ್ ಯಂತ್ರದ ಕಸೂತಿಯಿಂದಲೇ ಗೋಡೆಯಗಲದ ಕೃತಿಗಳನ್ನು ಮಾಡಿದವರು. 2018ರಲ್ಲಿ ಮ್ಯಾಂಚೆಸ್ಟರಿನ ವಿಟ್‌ವರ್ತ್ ಗ್ಯಾಲರಿಯಲ್ಲಿ 'ಥ್ರೆಡ್ ಬೇರಿಂಗ್ ವಿಟ್‌ನೆಸ್' ಎಂಬ ಅವರ ಪ್ರದರ್ಶನ ನಡೆಯಿತು. ದಾರ ಸಾಕ್ಷಿ ನುಡಿಯುತ್ತದೆ ಎಂಬರ್ಥದ ಹೆಸರು. ಸಮುದ್ರ, ನೆಲ, ಆಕಾಶ ಎಂಬ ಮೂರು ದೊಡ್ಡ ಕೃತಿಗಳು ಅದರಲ್ಲಿದ್ದವು. ಮನೆಮಾರು ಕಳೆದುಕೊಂಡು ಬಂದ ನಿರಾಶ್ರಿತರ ಜೊತೆ ಕೂತು, ಅವರು ಬರೆದುಕೊಟ್ಟ ಚಿತ್ರಗಳನ್ನು ಕೆಟಲ್ ದಾರಕ್ಕೆ ಇಳಿಸಿದ್ದರು. ಗ್ಯಾಲರಿಯ ಗೋಡೆಯ ಮೇಲೆ ಇದು ಕಲೆ. ಹಲ್ಲು ಇಳಿಸಿದ ಅದೇ ಬಗೆಯ ಯಂತ್ರದಲ್ಲಿ ಭಟ್ಕಳದ ಒಂದು ಕೋಣೆಯೊಳಗೆ ಮೂಡಿದ ಬಳ್ಳಿ 'ಮಷೀನಿನ ಕೆಲಸ'. ಎರಡೂ ಒಂದೇ ಮಟ್ಟದ್ದು ಎಂದು ನಾವು ಹೇಳುತ್ತಿಲ್ಲ. ಕಲ್ಪನೆಯಲ್ಲಿ, ಧೈರ್ಯದಲ್ಲಿ ವ್ಯತ್ಯಾಸ ಇದ್ದೇ ಇದೆ. ಆದರೆ ಕೈಯ ಪಾಲು ಎರಡರಲ್ಲೂ ಒಂದೇ ಬಗೆಯದು. ಅಲ್ಲಿ ಒಪ್ಪಿಕೊಂಡದ್ದನ್ನು ಇಲ್ಲಿ ಅಲ್ಲಗಳೆಯುವುದು ನ್ಯಾಯವಲ್ಲ.

ಮ್ಯಾಂಚೆಸ್ಟರಿಗೂ ನಮ್ಮ ಕುಮಟಾಕ್ಕೂ ಹಳೆಯ ದಾರದ ನಂಟಿದೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದಾಯಿತು. ಕಣ್ಣು ಹಿಂದುಸ್ತಾನದ ಕಡೆ ತಿರುಗಿತು. ಧಾರವಾಡದ ಎರೆಮಣ್ಣಿನ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಬಂದು ಹಡಗೇರುತ್ತಿತ್ತು. ಉತ್ತರ ಕನ್ನಡವನ್ನು 1862ರಲ್ಲಿ ಮದರಾಸು ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಹತ್ತಿ ವ್ಯಾಪಾರದ ಒತ್ತಡವಿತ್ತು. ಸ್ವಾರಸ್ಯವೆಂದರೆ ಆ ಹತ್ತಿಗೆ ಪೇಟೆಯಲ್ಲಿ ಬಿದ್ದ ಹೆಸರು 'ಕುಮಟಾ'. ಕುಮಟಾದಲ್ಲಿ ಅದರ ಒಂದು ಗಿಡವೂ ಇರಲಿಲ್ಲ. ಬೆಳೆದವನು ಬಯಲುಸೀಮೆಯ ರೈತ, ಹೆಸರು ಹಡಗು ತುಂಬಿದ ಊರಿನದು. ಮುಂದೆ ರೈಲು ಮಾರ್ಗಗಳು ಹತ್ತಿಯನ್ನು ಮರ್ಮಗೋವಾ ಕಡೆಗೆ ಎಳೆದುಕೊಂಡವು, ಕುಮಟಾ ಬಂದರು ಸೊರಗಿತು. ಮಾಡಿದವರು ಒಬ್ಬರು, ಹೆಸರು ಸಾಗಿಸಿದವರದು ಎಂಬ ಪದ್ಧತಿ ಮಾತ್ರ ಸೊರಗಲಿಲ್ಲ.

ಹೊಲಿಗೆಯ ಚರಿತ್ರೆಗೂ ಈ ಕರಾವಳಿಯಲ್ಲಿ ಒಂದು ಸಾಕ್ಷಿಯಿದೆ. 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತಾ ಇಲ್ಲಿನ ಮುಸ್ಲಿಂ ಹೆಂಗಸರು ಹೊಲಿಯದ ಬಟ್ಟೆ ಉಡುತ್ತಾರೆಂದು ಬರೆದಿದ್ದಾನೆ. ಒಂದು ತುದಿಯನ್ನು ಸೊಂಟಕ್ಕೆ ಸುತ್ತಿ ಉಳಿದುದನ್ನು ತಲೆ, ಹೆಗಲ ಮೇಲೆ ಹೊದೆಯುವುದು. ಅವರಿಗೆಲ್ಲ ಕುರ್‌ಆನ್ ಕಂಠಪಾಠವಿತ್ತೆಂದೂ, ಊರಿನಲ್ಲಿ ಹುಡುಗಿಯರಿಗೆ 13 ಮತ್ತು ಹುಡುಗರಿಗೆ 23 ಶಾಲೆಗಳಿದ್ದವೆಂದೂ, ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲವೆಂದೂ ಆತ ಹೇಳುತ್ತಾನೆ. ಹೊಲಿದ ಬಟ್ಟೆ ನಮ್ಮಲ್ಲಿ ಆಮೇಲೆ ಬಂದದ್ದು, ವಿದ್ಯೆ ಮೊದಲೇ ಇತ್ತು ಎಂದಾಯಿತು. ಇಂದು ಇದೇ ದಾರಿಯಲ್ಲಿ ಹೊಲಿಗೆ ಯಂತ್ರವಿಲ್ಲದ ಓಣಿ ಸಿಗುವುದು ಕಷ್ಟ. ಬಡ ಹೆಣ್ಣುಮಕ್ಕಳಿಗೆ ಹೊಲಿಗೆ ಯಂತ್ರ ಹಂಚುವುದು ಸರಕಾರಕ್ಕೂ ಜಮಾತುಗಳಿಗೂ ಸಂಘಸಂಸ್ಥೆಗಳಿಗೂ ಪ್ರಿಯವಾದ ಕಾರ್ಯಕ್ರಮ. ಒಳ್ಳೆಯದೇ. ಆದರೆ ಯಂತ್ರ ಹಂಚುವ ವೇದಿಕೆಯ ಮೇಲೆ ಆ ಯಂತ್ರದಿಂದ ಬರುವ ಕೆಲಸಕ್ಕೆ ಏನು ದರ ಕೊಡಬೇಕೆಂಬ ಮಾತು ಬರುವುದಿಲ್ಲ. ಯಂತ್ರವನ್ನು ದಾನವಾಗಿ ಕೊಡುವ ಸಮಾಜವೇ, ಕೂಲಿ ಕೊಡುವಾಗ ಅದೇ ಯಂತ್ರವನ್ನು ನೆಪ ಮಾಡಿಕೊಳ್ಳುತ್ತದೆ.

ಉರ್ದು ಮತ್ತು ಕನ್ನಡ ಎರಡೂ ಶಾಲೆಗಳ ಬೆಂಚಿನ ಮೇಲೆ ಕೂತ ನಮಗೆ ಪದಗಳ ಈ ಆಟ ಕುತೂಹಲದ್ದು. ಉರ್ದುವಿನಲ್ಲಿ ಕುಶಲ ಕೆಲಸಕ್ಕೆ ದಸ್ತಕಾರಿ ಎನ್ನುತ್ತೇವೆ. 'ದಸ್ತ್' ಎಂದರೆ ಕೈ. ಕನ್ನಡದ ಕೈಗಾರಿಕೆಯಲ್ಲೂ ಕೈ ಇದೆ. ಆದರೆ ಕೈಗಾರಿಕೆ ಎಂದರೆ ಇಂದು ನಮ್ಮ ಕಣ್ಣ ಮುಂದೆ ಬರುವುದು ಚಿಮಣಿ, ಶೆಡ್ಡು, ಸೈರನ್. ಕೈಯ ಹೆಸರನ್ನು ಕಾರ್ಖಾನೆ ಕೊಂಡೊಯ್ದ ಮೇಲೆ ಕೈಯ ಕೆಲಸಕ್ಕೆ ಕೈಕಸುಬು, ಕರಕುಶಲ ಎಂದು ಬೇರೆ ಹೆಸರು ಹುಡುಕಬೇಕಾಯಿತು. ಭಾಷೆ ಮರೆತರೂ ವಸ್ತು ಮರೆಯುವುದಿಲ್ಲ. ಯಾವ ಕೆಲಸದಲ್ಲಿ ಕೈ ಇದೆ, ಯಾವುದರಲ್ಲಿ ಇಲ್ಲ ಎಂಬುದನ್ನು ಹೆಸರು ನೋಡಿ ಹೇಳಲಾಗದು, ಕೆಲಸವನ್ನೇ ನೋಡಬೇಕು.

ಯಂತ್ರದ ಕಡು ಟೀಕಾಕಾರರಾಗಿದ್ದ ಗಾಂಧೀಜಿಯವರೂ ಈ ಪ್ರಶ್ನೆಗೆ ಬಂದು ನಿಂತಿದ್ದರು. ಎಲ್ಲ ಯಂತ್ರಗಳನ್ನೂ ವಿರೋಧಿಸುತ್ತೀರಾ ಎಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರ 1924ರ ನವೆಂಬರಿನಲ್ಲಿ 'ಯಂಗ್ ಇಂಡಿಯಾ'ದಲ್ಲಿ ಅಚ್ಚಾಯಿತು. ಯಂತ್ರದ ಮೇಲಿನ ಹುಚ್ಚನ್ನು ತಾವು ವಿರೋಧಿಸುವುದಾಗಿ ಹೇಳಿದ ಅವರು ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿ ಕೈಯಲ್ಲಿ ಹೊಲಿದು ಬಳಲುವುದನ್ನು ನೋಡಲಾರದೆ ಸಿಂಗರ್ ಅದನ್ನು ಪ್ರೀತಿಯಿಂದ ಮಾಡಿದ ಎಂಬುದು ಅವರು ಕೊಟ್ಟ ಕಾರಣ. ಅದನ್ನು ತಯಾರಿಸುವ ಕಾರ್ಖಾನೆಗಳು ರಾಷ್ಟ್ರದ ಸ್ವತ್ತಾಗಿರಬೇಕು ಎಂಬ ಷರತ್ತನ್ನೂ ಸೇರಿಸಿದರು. ಚರಿತ್ರೆ ಆ ಕಥೆಯಷ್ಟು ಸುಂದರವಾಗಿಲ್ಲ. ಐಸಾಕ್ ಸಿಂಗರ್ 1851ರಲ್ಲಿ ಪೇಟೆಂಟು ಪಡೆಯುವ ಮುಂಚೆಯೇ, 1846ರಲ್ಲಿ, ಎಲಿಯಾಸ್ ಹೋವ್ ಎಂಬವನು ಎರಡು ದಾರಗಳ ಹೊಲಿಗೆಗೆ ಪೇಟೆಂಟು ಪಡೆದಿದ್ದ. ಹೋವ್ ನ್ಯಾಯಾಲಯದಲ್ಲಿ ಗೆದ್ದ, ಸಿಂಗರ್ ಅವನಿಗೆ ಹಣ ತೆರಬೇಕಾಯಿತು. ಆದರೂ ಮನೆಮನೆಯಲ್ಲಿ ಉಳಿದ ಹೆಸರು ಸಿಂಗರ್‌ನದು. ಇನ್ನೊಂದು ಮುಖವೂ ಇದೆ. ಫ್ರಾನ್ಸಿನ ದರ್ಜಿ ತಿಮೋನಿಯೆ 1830ರಲ್ಲಿ ಪೇಟೆಂಟು ಪಡೆದು ಸೈನಿಕರ ಸಮವಸ್ತ್ರ ಹೊಲಿಯಲು ಯಂತ್ರಗಳನ್ನು ನಿಲ್ಲಿಸಿದಾಗ, ಹೊಟ್ಟೆಪಾಡು ಹೋಯಿತೆಂದು ಹೆದರಿದ ಪ್ಯಾರಿಸಿನ ದರ್ಜಿಗಳು ನುಗ್ಗಿ ಅವುಗಳನ್ನು ಒಡೆದುಹಾಕಿದರು. ಒಂದೇ ಯಂತ್ರ ಒಬ್ಬರಿಗೆ ಬಿಡುಗಡೆ, ಇನ್ನೊಬ್ಬರಿಗೆ ಆಪತ್ತು. ಅದು ಯಾರ ಕೈಯಲ್ಲಿದೆ, ಅಳತೆಯನ್ನು ನಿರ್ಧರಿಸುವವರು ಯಾರು ಎಂಬುದನ್ನು ಕೇಳದೆ ಯಂತ್ರ ಒಳ್ಳೆಯದೋ ಕೆಟ್ಟದೋ ಎಂದು ಹೇಳಲು ಬರುವುದಿಲ್ಲ.

ಅಳತೆ ಎಂಬ ಪದದ ಬಳಿ ನಾವು ಸ್ವಲ್ಪ ನಿಲ್ಲಬೇಕು. ಪವಿತ್ರ ಕುರ್‌ಆನಿನ ಸಬಾ ಅಧ್ಯಾಯದಲ್ಲಿ ಪ್ರವಾದಿ ದಾವೂದ್(ಅ)ರ ಪ್ರಸ್ತಾಪ ಬರುತ್ತದೆ. ಅಲ್ಲಾಹನು ಅವರಿಗೆ ಕಬ್ಬಿಣವನ್ನು ಮೆದುವಾಗಿಸಿದ. ಕವಚಗಳನ್ನು ಮಾಡು, ಕೊಂಡಿಗಳನ್ನು ಸರಿಯಾಗಿ ಅಳೆದು ಜೋಡಿಸು ಎಂದು ಆದೇಶಿಸಿದ. ಅದರ ಬೆನ್ನಿಗೇ ಒಳ್ಳೆಯ ಕೆಲಸ ಮಾಡಿರಿ ಎಂದ. ಕಬ್ಬಿಣ ಮೆದುವಾದದ್ದು ದೇವರ ಕೊಡುಗೆ. ಅಂದರೆ ದಾವೂದರ ಬೆವರು ಉಳಿಯಿತು. ಆದರೆ ಅಳತೆಯ ಹೊಣೆಯನ್ನು ಅವರ ಮೇಲೆಯೇ ಬಿಡಲಾಯಿತು. ಕೊಂಡಿ ದೊಡ್ಡದಾದರೆ ಬಾಣ ತೂರುತ್ತದೆ, ಚಿಕ್ಕದಾದರೆ ತೊಟ್ಟವನಿಗೆ ಅಲುಗಾಡಲಾಗದು. ದಾವೂದರು ಅರಸರಾಗಿದ್ದರೂ ತಮ್ಮ ಕೈದುಡಿಮೆಯನ್ನೇ ಉಣ್ಣುತ್ತಿದ್ದರೆಂದು ಪ್ರವಾದಿ ಮುಹಮ್ಮದ್(ಸ)ರು ಮೆಚ್ಚಿ ನುಡಿದದ್ದು ಹದೀಸಿನಲ್ಲಿದೆ. ಕಬ್ಬಿಣ ಮೆದುವಾಗಿತ್ತಲ್ಲ, ಇದೆಂಥ ಕೈದುಡಿಮೆ ಎಂದು ಯಾರೂ ಕೇಳುವುದಿಲ್ಲ. ದರ್ಜಿಗಳು ತಮ್ಮ ಕಸುಬಿನ ಮೂಲಪುರುಷರೆಂದು ಗೌರವಿಸುವ ಇದ್ರೀಸ್(ಅ)ರ ನೆನಪೂ ನಮ್ಮಲ್ಲಿದೆ. ಕನ್ನಡದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರರಿದ್ದರು. ಹನ್ನೆರಡನೆಯ ಶತಮಾನದಲ್ಲಿ ಒಬ್ಬ ಮನುಷ್ಯ ತನ್ನ ಹೆಸರಿನ ಮುಂದೆ ಊರನ್ನೋ ಕುಲವನ್ನೋ ಹೊತ್ತುಕೊಳ್ಳದೆ ಸೂಜಿಯನ್ನು ಹೊತ್ತುಕೊಂಡ. ಹೊಲಿಗೆಯನ್ನು ಕೀಳೆಂದು ನೋಡಲು ನಮ್ಮ ಎರಡು ಪರಂಪರೆಗಳಲ್ಲೂ ಆಧಾರವಿಲ್ಲ.

ಆದ್ದರಿಂದ ನಮಗೆ ತೋಚುವ ಉತ್ತರ ಇದು. ಒಂದು ಕೆಲಸದಲ್ಲಿ ಮನುಷ್ಯನ ಪಾಲು ಎಂದರೆ ಅವನು ತೆಗೆದುಕೊಂಡ ನಿರ್ಧಾರಗಳು ಮತ್ತು ಅವುಗಳಿಗೆ ಅವನು ಹೊರುವ ಹೊಣೆ. ಸಲಕರಣೆ ಯಾವುದೆಂಬುದು ಆಮೇಲಿನ ಮಾತು. ಕೈಸೂಜಿಯೂ ಒಂದು ಸಲಕರಣೆಯೇ. ಬೆರಳಿನಿಂದ ಬಟ್ಟೆ ಚುಚ್ಚಲು ಬಾರದೆಂದು ಮನುಷ್ಯ ಅದನ್ನು ಮಾಡಿಕೊಂಡ. ಹಲ್ಲು ಇಳಿಸಿದ ಯಂತ್ರ ಇನ್ನೂ ಸ್ವಲ್ಪ ದೊಡ್ಡ ಸೂಜಿ. ಅದರ ಮುಂದೆ ಕೂತವಳ ಎಲೆ ಸೊಟ್ಟಗಾದರೆ ಯಾರೂ ಯಂತ್ರವನ್ನು ಬೈಯುವುದಿಲ್ಲ, ಅವಳನ್ನೇ ಬೈಯುತ್ತಾರೆ. ಕೆಟ್ಟಾಗ ಹೊಣೆ ಅವಳದಾದರೆ ಚೆನ್ನಾದಾಗ ಶ್ರೇಯ ಯಂತ್ರದ್ದು ಹೇಗಾಗುತ್ತದೆ?

ಈ ಮಾತಿಗೆ ಎದುರಾಗಿ ಕಂಪ್ಯೂಟರ್ ಎಂಬ್ರಾಯ್ಡರಿಯನ್ನು ತೋರಿಸಬಹುದು. ಇಂದು ಪೇಟೆಯಲ್ಲಿ ಸಿಗುವ ಕಸೂತಿಯ ಬಹುಪಾಲು ಅಲ್ಲಿಯದು. ಸೂರತ್ತಿನಂಥ ಊರುಗಳಲ್ಲಿ ಒಂದೇ ಯಂತ್ರದ ಹತ್ತಾರು ತಲೆಗಳು ಒಂದೇ ಹೂವನ್ನು ಒಟ್ಟಿಗೆ ಹೊಲಿಯುತ್ತವೆ. ಅಲ್ಲಿ ಪ್ರತಿ ಹೊಲಿಗೆಯ ಅಳತೆಯನ್ನೂ ವಿನ್ಯಾಸ ಮಾಡಿದವನು ಮೊದಲೇ ಕಡತದಲ್ಲಿ ಬರೆದಿಟ್ಟಿದ್ದಾನೆ. ಯಂತ್ರದ ಬಳಿ ನಿಂತವನು ದಾರ ತುಂಡಾದರೆ ಪೋಣಿಸುತ್ತಾನೆ, ಬಟ್ಟೆ ಬದಲಿಸುತ್ತಾನೆ. ಅವನ ದುಡಿಮೆಗೂ ಕೂಲಿ ಸಲ್ಲಬೇಕು, ಗೌರವವೂ ಸಲ್ಲಬೇಕು. ಆದರೆ ಆ ಹೂವಿನ ಅಳತೆ ಅವನದಲ್ಲ. ಕಣ್ಣಿಗೆ ಎರಡೂ ಹೂವುಗಳು ಒಂದೇ ಥರ ಕಾಣಬಹುದು, ಬೆಲೆಯ ಚೀಟಿಯ ಮೇಲೆ ಎರಡಕ್ಕೂ 'ಮಷೀನ್ ವರ್ಕ್' ಎಂದೇ ಇರಬಹುದು. ಒಂದರಲ್ಲಿ ಮನುಷ್ಯ ಮೊದಲೇ ಒಮ್ಮೆ ನಿರ್ಧರಿಸಿ ಎದ್ದು ಹೋಗಿದ್ದಾನೆ, ಇನ್ನೊಂದರಲ್ಲಿ ಕೊನೆಯ ಹೊಲಿಗೆಯವರೆಗೂ ಕೂತಿದ್ದಾಳೆ. ಈ ವ್ಯತ್ಯಾಸವನ್ನು ಅಳಿಸುವ ಒಂದೇ ಪದವನ್ನು ನಾವು ಎರಡಕ್ಕೂ ಬಳಸುತ್ತಿದ್ದೇವೆ. ಈಗಂತೂ ಕಂಪ್ಯೂಟರು ಚಿತ್ರವನ್ನೂ ಕಥೆಯನ್ನೂ ಹೆಣೆದುಕೊಡುವ ಕಾಲ. ಕಥೆ ಬರೆಯುವ ನಮ್ಮಂಥವರ ಬಾಗಿಲಿಗೂ ಇದೇ ಪ್ರಶ್ನೆ ಬಂದಿದೆ: ಈ ಸಾಲಿನ ಅಳತೆ ಯಾರದು?

ವ್ಯಾಪಾರಿಯ ಮಾತನ್ನೂ ಕೇಳೋಣ. ಬಟ್ಟೆಗೆ ಬಂಡವಾಳ ಹಾಕುವವನು ಅವನು. ಮಾರಾಟವಾಗದಿದ್ದರೆ ನಷ್ಟವೂ ಅವನದು. ಕಂಪ್ಯೂಟರಿನ ದುಪಟ್ಟಾ ಪಕ್ಕದ ಅಂಗಡಿಯಲ್ಲಿ ಅರ್ಧ ಬೆಲೆಗೆ ತೂಗಾಡುವಾಗ ಗಿರಾಕಿ ಇವನ ಅಂಗಡಿಗೆ ಏಕೆ ಬರಬೇಕು? ಈ ಮಾತಿನಲ್ಲ್ಲಿ ಸುಳ್ಳಿಲ್ಲ. ಪೇಟೆ ಕೊಡದ ಬೆಲೆಯನ್ನು ಅವನೊಬ್ಬ ಕೊಡಲಾರ. ಆದರೆ 'ನನಗೆ ಇಷ್ಟೇ ಕೊಡಲು ಸಾಧ್ಯ' ಎನ್ನುವುದಕ್ಕೂ 'ನಿನ್ನ ಕೆಲಸ ಇಷ್ಟೇ' ಎನ್ನುವುದಕ್ಕೂ ಅಂತರವಿದೆ. ಮೊದಲನೆಯದು ಚೌಕಾಶಿ. ಎರಡನೆಯದು ಒಬ್ಬರ ಹುನರನ್ನು ಅವರ ಮುಖದ ಮುಂದೆಯೇ ಇಲ್ಲವೆನ್ನುವುದು. ಅದೇ ಬಟ್ಟೆಯನ್ನು ಗಿರಾಕಿಯ ಮುಂದೆ ಹರಡುವಾಗ 'ಕೈಯಲ್ಲಿ ತಿರುಗಿಸಿ ಹೊಲಿದದ್ದು' ಎಂದು ಹೊಗಳಿದರಂತೂ ಒಂದೇ ನಾಲಿಗೆಯಲ್ಲಿ ಎರಡು ಅಳತೆ ಇಟ್ಟಂತಾಯಿತು.

ಕೈಯಿಂದ ಮಾಡಿದ್ದೇ ಶ್ರೇಷ್ಠ ಎಂದು ಪೂಜಿಸುವವರ ಬಗ್ಗೆಯೂ ನಮಗೆ ಸ್ವಲ್ಪ ಅನುಮಾನವಿದೆ. ಧಾರವಾಡ ಸೀಮೆಯ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ಹೊಲಿಗೆಗಳನ್ನು ಬಟ್ಟೆಯ ಎಳೆ ಎಣಿಸಿ ಗಂಟಿಲ್ಲದೆ ಹಾಕುತ್ತಾರೆ. ಅದರಲ್ಲಿ ಗವಂತಿ, ಮುರ್ಗಿಗಳು ಬಟ್ಟೆಯ ಎರಡೂ ಬದಿಯಲ್ಲಿ ಒಂದೇ ಥರ ಕಾಣುತ್ತವೆ. ನಮ್ಮದೇ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು, ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಉಂಟು, ಹಳೆಯ ಬಟ್ಟೆಯ ತುಂಡುಗಳನ್ನು ಅಂಚಿನಿಂದ ನಡುವಿನ ಕಡೆಗೆ ಹೊಲಿಯುತ್ತ ಕೌದಿ ಮಾಡುತ್ತಾರೆ. ಮೂಲೆಗಳಿಗೆ ತ್ರಿಕೋನದ ತುಂಡುಗಳನ್ನು ಹೂವೆಂದು ಹಚ್ಚುತ್ತಾರೆ. ಚಳಿಗೆ ಹೊದೆಯಲೆಂದು ಬಡತನದಿಂದ ಹುಟ್ಟಿದ ಆ ಕೌದಿಗಳು ಈಗ ದೇಶವಿದೇಶಗಳ ಪ್ರದರ್ಶನಗಳಲ್ಲಿ ತೂಗುತ್ತಿವೆ. ಸಂತೋಷವೇ. ಆದರೆ ಕೈಯಲ್ಲಿ ಮಾಡಿದ್ದು ಎಂಬ ಕಾರಣಕ್ಕೆ ಮೆಚ್ಚುವವರು, ನಾಳೆ ಆ ಹೆಂಗಸು ಬೆನ್ನುನೋವಿಗೆ ಬೇಸತ್ತು ಯಂತ್ರ ಕೊಂಡರೆ ಮೆಚ್ಚುಗೆ ಹಿಂತೆಗೆದುಕೊಳ್ಳುತ್ತಾರೆಯೇ? ಹಾಗಾದರೆ ಅವರು ಮೆಚ್ಚಿದ್ದು ಅವಳ ಹುನರನ್ನೋ ಅವಳ ಕಷ್ಟವನ್ನೋ?

ಮೇಲೆ ಹೇಳಿದ ಕಸೂತಿಯಿಂದ ಇನ್ನೊಂದು ಪಾಠವೂ ಇದೆ. ಎಳೆ ಎಣಿಸಿ ಹೊಲಿಯುವವಳು ಬಟ್ಟೆಯ ಹಾಸುಹೊಕ್ಕಿಗೆ ಕಟ್ಟುಬಿದ್ದಿದ್ದಾಳೆ, ಹಲ್ಲು ಇಳಿಸಿದವಳಿಗೆ ಆ ಕಟ್ಟಿಲ್ಲ. ಮನಸ್ಸು ಮಾಡಿದರೆ ಹಕ್ಕಿ, ಕುದುರೆ, ಮನುಷ್ಯನ ಮುಖ ಏನನ್ನೂ ಮಾಡಬಹುದು. ನಮ್ಮ ಸಮಾಜದಲ್ಲಿ ಹಲವರು ಜೀವಿಗಳ ಚಿತ್ರವನ್ನು ಧಾರ್ಮಿಕ ಕಾರಣದಿಂದ ಮಾಡುವುದಿಲ್ಲ. ಹೂ, ಬಳ್ಳಿ, ಅಕ್ಷರಗಳಲ್ಲೇ ತಮ್ಮ ಕಲ್ಪನೆಯನ್ನು ಓಡಿಸುತ್ತಾರೆ. ಇದು ಅವರ ಸ್ವಾತಂತ್ರ್ಯಕ್ಕೆ ಕೊರತೆ ಎಂದು ಕೆಲವರು ಹೇಳಿಯಾರು. ನಾವು ಹಾಗೆ ನೋಡುವುದಿಲ್ಲ. ಯಂತ್ರದ ಹಲ್ಲು ಹಾಕಿದ ಗೆರೆ ಬೇರೆ, ತಾನೇ ತಿಳಿದು ಒಪ್ಪಿಕೊಂಡ ಗೆರೆ ಬೇರೆ. ಎರಡನೆಯದರೊಳಗೆ ನಿಂತು ಹೊಲಿದ ಬಳ್ಳಿ ಪೂರ್ತಿ ಸ್ವತಂತ್ರವೇ. ಸ್ವಾತಂತ್ರ್ಯವೆಂದರೆ ಮೇರೆಯೇ ಇಲ್ಲದಿರುವುದು ಎಂದು ತಿಳಿದವರು ಒಮ್ಮೆ ಆ ಯಂತ್ರದ ಮುಂದೆ ಕೂತು ನೋಡಬೇಕು. ಹಲ್ಲು ಇಳಿಸಿದ ಮೊದಲ ನಿಮಿಷದಲ್ಲಿ ಬರುವುದು ಹೂವಲ್ಲ, ಸಿಕ್ಕು. ಕೈ ತನ್ನ ಶಿಸ್ತನ್ನು ತಾನೇ ಕಲಿತ ಮೇಲೆ ಹೂ ಬರುತ್ತದೆ.

ಇನ್ನು ಹೊಲಿಯುವವರ ಮಾತು. ನಿಮ್ಮ ಕೆಲಸ ಬಹಳ ಚೆನ್ನಾಗಿದೆ ಎಂದರೆ ನಮ್ಮ ಅಕ್ಕತಂಗಿಯರು ಹೇಳುವುದೇನು? "ನಂದೇನಿಲ್ಲ, ಎಲ್ಲ ಮಷೀನೇ ಮಾಡ್ತದೆ." ವಿನಯ ಒಳ್ಳೆಯ ಗುಣ. ಆದರೆ ಇದು ವಿನಯವೋ, ಬೇರೆಯವರು ಹೇಳಿಹೇಳಿ ಬಾಯಿಗೆ ಬಂದ ಮಾತೋ ಎಂದು ಯೋಚಿಸಬೇಕು. ಪ್ರವಾದಿ ಯೂಸುಫ್(ಅ)ರು ಈಜಿಪ್ಟಿನ ಅರಸನ ಮುಂದೆ ನಿಂತಾಗ, ಭಂಡಾರಗಳನ್ನು ನನಗೆ ಒಪ್ಪಿಸಿ, ನಾನು ಕಾಯಬಲ್ಲೆ, ಬಲ್ಲವನಾಗಿದ್ದೇನೆ ಎಂದು ತಮ್ಮ ಅರ್ಹತೆಯನ್ನು ತಾವೇ ಹೇಳಿಕೊಂಡರೆಂದು ಕುರ್‌ಆನ್ ತಿಳಿಸುತ್ತದೆ. ಅದು ಅಹಂಕಾರವಾಗಿರಲಿಲ್ಲ, ಹೇಳದಿದ್ದರೆ ಆಗುವ ಅನ್ಯಾಯವನ್ನು ತಡೆಯುವ ಮಾತಾಗಿತ್ತು. ತನ್ನ ಹುನರು ದೇವರು ಕೊಟ್ಟ ಅಮಾನತ್ತು ಎಂದು ನಂಬುವವಳು ಅದನ್ನು ಯಂತ್ರದ ಲೆಕ್ಕಕ್ಕೆ ಬರೆಯಬೇಕಾಗಿಲ್ಲ.

ಕೊನೆಗೆ ಉಳಿಯುವುದು ಹೆಸರಿನ ಪ್ರಶ್ನೆ. ಮುಸ್ಲಿಮರಿಗೆ ಅತ್ಯಂತ ಪವಿತ್ರವಾದ ಕಸೂತಿ ಕಅಬಾದ ಹೊದಿಕೆಯಾದ ಕಿಸ್ವಾದ ಮೇಲಿದೆ. ಅದನ್ನು ತಯಾರಿಸುವ ಕಾರ್ಖಾನೆ ಮಕ್ಕಾದಲ್ಲಿ 1927ರಲ್ಲಿ ಆರಂಭವಾಯಿತು. ಅದರ ಮೊದಲ ಕುಶಲಕರ್ಮಿಗಳಲ್ಲಿ ಹಿಂದುಸ್ತಾನದಿಂದ ಹೋದವರಿದ್ದರು. ಇಂದು ಅಲ್ಲಿ ಕಪ್ಪು ರೇಷ್ಮೆಯನ್ನು ಯಂತ್ರಗಳು ನೇಯುತ್ತವೆ, ಅಕ್ಷರಗಳ ಮೇಲೆ ಚಿನ್ನದ ಲೇಪದ ಬೆಳ್ಳಿ ಎಳೆಯನ್ನು ಕೈಗಳು ಹೊಲಿಯುತ್ತವೆ. ಯಂತ್ರ ಮತ್ತು ಕೈ ಅಲ್ಲಿ ಜಗಳವಾಡುವುದಿಲ್ಲ. ಅರ್ಪಿಸಿದ ದೊರೆಯ ಹೆಸರು ಆ ಹೊದಿಕೆಯ ಮೇಲಿದೆ, ಹೊಲಿದವರ ಹೆಸರಿಲ್ಲ. ಹೊಲಿದವರಲ್ಲಿ ಅನೇಕರು ಅದನ್ನು ಬಯಸಲಿಕ್ಕೂ ಇಲ್ಲ. ನೀಯತ್ತು ಕಾಣುವವನು ಕಾಣುತ್ತಾನೆ ಎಂಬ ನೆಮ್ಮದಿ ಅವರದು. ತಾನಾಗಿ ಬಿಟ್ಟುಕೊಟ್ಟ ಹೆಸರು ಇಬಾದತ್ತು. ಆದರೆ ಆ ಉದಾಹರಣೆಯನ್ನು ಅಂಗಡಿಗೆ ತಂದು, ನಿನಗೂ ಹೆಸರೇಕೆ ಎಂದು ಕೇಳುವ ಹಕ್ಕು ಯಾರಿಗೂ ಇಲ್ಲ. ಕಿತ್ತುಕೊಂಡ ಹೆಸರು ಇಬಾದತ್ತಾಗುವುದಿಲ್ಲ. ಮನೆಯ ಹೆಣ್ಣಿನ ಹೆಸರು ಪೇಟೆಗೆ ಬರಬಾರದು ಎನ್ನುವ ಕುಟುಂಬಗಳೂ ನಮ್ಮಲ್ಲಿವೆ. ಬರಬೇಕೋ ಬೇಡವೋ ಎಂಬುದನ್ನು ಹೊಲಿದವಳೇ ಹೇಳಲಿ. ಬೇಡವೆಂದರೆ ಅವಳೇ ಆರಿಸಿದ ಒಂದು ಅಕ್ಷರವೋ ಸಣ್ಣ ಗುರುತೋ ಬಟ್ಟೆಯ ಮೂಲೆಯಲ್ಲಿ ಇರಬಹುದು. 13 ಶಾಲೆಗಳಿಗೆ ಹೆಣ್ಣುಮಕ್ಕಳನ್ನು ಕಳಿಸಿದ ಕರಾವಳಿಗೆ ಇದು ದೊಡ್ಡ ಮಾತಲ್ಲ.

ಕುರ್‌ಆನಿನಲ್ಲಿ ಅಳತೆಯಲ್ಲಿ ವಂಚಿಸುವವರ ಹೆಸರಿನಲ್ಲೇ ಒಂದು ಅಧ್ಯಾಯವಿದೆ, ಮುತಫ್ಫಿಫೀನ್. ತಮಗೆ ಬರಬೇಕಾದಾಗ ಪೂರ್ತಿ ಅಳೆದು ತೆಗೆದುಕೊಳ್ಳುವವರು, ಕೊಡಬೇಕಾದಾಗ ಕಡಿಮೆ ಅಳೆಯುವವರು ಎಂದು ಅಲ್ಲಿ ಅವರ ವಿವರಣೆ. ಇದನ್ನು ಅಕ್ಕಿ, ಎಣ್ಣೆಯ ಅಳತೆಗೆ ಮಾತ್ರ ಸೀಮಿತಗೊಳಿಸಿ ಓದಿದರೆ ನಮಗೆ ಅನುಕೂಲ. ಹೊಲಿಗೆ ನಯವಾಗಿರಬೇಕು, ಎಲೆಯ ತುದಿ ಚೂಪಾಗಿರಬೇಕು, ಹಿಂಬದಿಯಲ್ಲಿ ಸಿಕ್ಕಿರಬಾರದು, ಶುಕ್ರವಾರದೊಳಗೆ ಆಗಬೇಕು ಎಂದು ಪೂರ್ತಿ ಅಳೆದು ತೆಗೆದುಕೊಳ್ಳುವ ನಾವು, ಕೂಲಿಯ ಹೊತ್ತಿಗೆ ಮೂರು ಪದ ಹೇಳಿ ಅಳತೆಯನ್ನು ತಗ್ಗಿಸುತ್ತೇವೆ. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿ(ಸ)ವಚನವನ್ನು ಎಲ್ಲರೂ ಬಲ್ಲೆವು. ಬೆವರೇ ಕಾಣದ ಕೆಲಸಕ್ಕೂ ಅದು ಸಲ್ಲುತ್ತದೆಯೇ ಎಂದು ಕೇಳಿಕೊಳ್ಳುವ ಕಾಲ ಇದು.

ಮುಂದಿನ ಸಲ ಒಂದು ಬಳ್ಳಿಯನ್ನು ಮೆಚ್ಚಿ ಕೊಳ್ಳುವಾಗ ಎರಡು ಪ್ರಶ್ನೆ ಕೇಳಬಹುದು. ಇದನ್ನು ಹೊಲಿದವರು ಯಾರು? ಎಷ್ಟು ಹೊತ್ತು ಕೂತರು? ಉತ್ತರ ಸಿಗದಿದ್ದರೂ ಪ್ರಶ್ನೆ ಅಂಗಡಿಯಲ್ಲಿ ಉಳಿಯುತ್ತದೆ. ಹಲ್ಲು ಇಳಿಸಿದ ಯಂತ್ರದ ಮುಂದೆ ಕೂತವಳು ಸೆಕೆಂಡಿಗೆ ಹತ್ತು ಸಲ ಅಳೆಯುತ್ತಾಳೆ. ಕೂಲಿ ಕೊಡುವಾಗ ನಾವು ಒಮ್ಮೆ ಸರಿಯಾಗಿ ಅಳೆದರೆ ಸಾಕು.